ಬಾಹುಬಲಿಯವರ ನುಸಿ ಡಬ್ಬಿ

ಬೆಳಗಾವಿಯ ರವಿವಾರ ಪೇಟೆಯ ಕಾಳಿನ ವ್ಯಾಪಾರಿಗಳಲ್ಲಿ ಬಾಹುಬಲಿ ಅಳಗವಾಡಿಯವರಷ್ಟು ಹಟಮಾರಿ ಮನುಷ್ಯ ಇನ್ನೊಬ್ಬರಿರಲಿಲ್ಲ. ಆ ಹಟವಾದರೂ ಎಂಥದು? ನುಸಿಯದು. ಜೋಳಕ್ಕೋ ಬೇಳೆಗೋ ನುಸಿ ಹತ್ತಿದರೆ ಪೇಟೆಯವರೆಲ್ಲ ಗೋದಾಮಿನಲ್ಲಿ ಚೀಲಗಳ ಸಂದಿಗೆ ವಿಷದ ಗುಳಿಗೆ ಇಟ್ಟು, ಬಾಗಿಲು ಮುಚ್ಚಿ, ಕೆಲವು ದಿನ ಬಿಟ್ಟು ತೆಗೆಯುತ್ತಾರೆ. ಒಳಗೆ ಒಂದು ಜೀವವೂ ಉಳಿದಿರುವುದಿಲ್ಲ. ಬಾಹುಬಲಿಯವರ ಅಂಗಡಿಯ ಹೊಸ್ತಿಲನ್ನು ಆ ಗುಳಿಗೆ ದಾಟಿದ್ದೇ ಇಲ್ಲ. ಜೈನರ ಅಂಗಡಿ, ಅದರಲ್ಲೂ ಇವರದು. ಬೇವಿನ ಸೊಪ್ಪು, ಕುಳ್ಳಿನ ಬೂದಿ, ಬಿಸಿಲು, ಇಷ್ಟೇ ಔಷಧ. ಇಷ್ಟಕ್ಕೂ ಜಗ್ಗದೆ ನುಸಿ ಬಂತೋ, ಕಾಳನ್ನು ಜರಡಿ ಹಿಡಿಸುವುದು, ಉದುರಿದ ನುಸಿಗಳನ್ನು ಒಂದು ಬಿಸ್ಕೀಟಿನ ತಗಡಿನ ಡಬ್ಬಿಗೆ ತುಂಬುವುದು, ಸಂಜೆ ಡಬ್ಬಿಯನ್ನು ಸ್ಕೂಟರಿನ ಕೊಂಡಿಗೆ ಸಿಗಿಸಿಕೊಂಡು ಅನಗೋಳದ ಮನೆಗೆ ತರುವುದು, ಮನೆಯ ಬಾಜೂಕಿನ ಖಾಲಿ ಜಾಗದಲ್ಲಿ ನೆರಳು ನೋಡಿ ಬಿಟ್ಟು ಬರುವುದು. ದಾರಿಯಲ್ಲಿ ಉಸಿರುಗಟ್ಟಬಾರದೆಂದು ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ಸಣ್ಣ ಸಣ್ಣ ತೂತು ಹೊಡೆದಿದ್ದರು.

ಹೆಂಡತಿ ಶಾಂತಮ್ಮ ಇದನ್ನು ಮೂವತ್ತೈದು ವರ್ಷ ನೋಡಿದಾಕೆ. "ಮಂದಿ ಗಂಡಂದಿರು ಸಂಜೀಕ ಮನೀಗೆ ಮಲ್ಲಿಗಿ ತರ್ತಾರ, ಕುಂದಾ ತರ್ತಾರ. ನಮ್ಮವರು ನುಸಿ ತರ್ತಾರ ನೋಡ್ರಿ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಬಾಹುಬಲಿಯವರಿಗೆ ಸಿಟ್ಟೇನೂ ಬರುತ್ತಿರಲಿಲ್ಲ. ಹೇಳಿದ್ದು ಸುಳ್ಳಲ್ಲವಲ್ಲ.

ಆದರೆ ಒಂದು ದಿನ ಡಬ್ಬಿ ಕೊಡವಿ ಹತ್ತು ಹೆಜ್ಜೆ ನಡೆದು ಹಿಂತಿರುಗಿ ನೋಡಿದರೆ, ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದ ಗೊರವಂಕಗಳು ಒಂದೊಂದಾಗಿ ಕೆಳಗಿಳಿದು ನುಸಿಯನ್ನು ಆರಿಸಿ ಆರಿಸಿ ತಿನ್ನುತ್ತಿದ್ದವು. ಅಯ್ಯೋ ದೇವರೇ, ಇಷ್ಟು ವರ್ಷ ತಾನು ಬದುಕಲೆಂದು ಬಿಟ್ಟದ್ದೆಲ್ಲ ಹೀಗೆ ಹೋಗಿತ್ತೇ ಎಂದು ಅವರಿಗೆ ಒಂದು ವಾರ ಊಟ ಸೇರಲಿಲ್ಲ. ಕೊನೆಗೆ ಒಂದು ಉಪಾಯ ಹೂಡಿದರು. ಹಕ್ಕಿಗಳಿಗೆ ಮೊದಲೇ ಹೊಟ್ಟೆ ತುಂಬ ಜೋಳ ಹಾಕಿಬಿಟ್ಟರೆ ಅವು ನುಸಿಯ ಗೊಡವೆಗೆ ಹೋಗಲಿಕ್ಕಿಲ್ಲ ಎಂದು ಅವರ ಎಣಿಕೆ. ಮರುದಿನದಿಂದ ಮೊದಲು ಜೋಳ, ಹತ್ತು ನಿಮಿಷ ಬಿಟ್ಟು ನುಸಿ. ಆದದ್ದು ಏನೆಂದರೆ, ಹತ್ತು ಹಕ್ಕಿ ಬರುವಲ್ಲಿ ನೂರು ಬಂದವು. ಜೋಳವನ್ನೂ ತಿಂದವು, ಮೇಲೆ ಉಪ್ಪಿನಕಾಯಿಯ ಹಾಗೆ ನುಸಿಯನ್ನೂ ನಂಚಿಕೊಂಡವು.

ಶಾಂತಮ್ಮ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಬಾಹುಬಲಿಯವರು ಕೊನೆಗೆ ತಮಗೆ ತಾವೇ ತೀರ್ಪು ಹೇಳಿಕೊಂಡರು. "ಬಿಡೂದು ನನ್ನ ಧರ್ಮ. ತಿನ್ನೂದು ಅವುಗಳ ಕರ್ಮ. ನಾ ನನ್ನ ಕೈಲೆ ಯಾರ ಬಾಯಾಗೂ ಇಟ್ಟಿಲ್ಲಲ್ಲ."

ಹೀಗೆ ನುಸಿಯನ್ನು ಉಳಿಸಲು ಹೋದವರು ಹಕ್ಕಿಗಳ ಕೈಗೆ ಸಿಕ್ಕಿಬಿದ್ದರು. ಒಮ್ಮೆ ಸಿಕ್ಕಿಬಿದ್ದ ಮೇಲೆ ಬಿಡಿಸಿಕೊಳ್ಳುವ ಮನಸ್ಸೂ ಬರಲಿಲ್ಲ.

ಆ ಖಾಲಿ ಜಾಗ ಖಾನಾಪುರ ತಾಲೂಕಿನ ಪಾರಿಶ್ವಾಡದ ರೈತ ಗುರುಪುತ್ರಪ್ಪನವರದು. ಎಂದಾದರೊಂದು ದಿನ ಶಹರದಲ್ಲಿ ಮನೆ ಕಟ್ಟಿದರಾಯಿತೆಂದು ಹಿಡಿದಿಟ್ಟದ್ದು. ನಡುವೆ ಒಂದು ಹಳೆಯ ಬಾವಿ, ಬಾವಿಯ ಮೇಲೆ ಬಾಗಿದ ಒಂದು ಜಾಲಿ ಮರ, ಉಳಿದಂತೆ ಓಣಿಯವರೆಲ್ಲ ತಂದು ಚೆಲ್ಲಿದ ಕಸ. ಒಡೆದ ಕಮೋಡು, ಹಳೆಯ ಗಾದಿ, ಮದುವೆಯ ಎಂಜಲ ತಟ್ಟೆ, ಏನಿಲ್ಲ ಅಲ್ಲಿ. ಬಾಹುಬಲಿಯವರು ಒಂದು ರವಿವಾರ ಬಸ್ಸು ಹಿಡಿದು ಪಾರಿಶ್ವಾಡಕ್ಕೇ ಹೋದರು. ಗುರುಪುತ್ರಪ್ಪ ಕಬ್ಬಿಗೆ ನೀರು ಬಿಡುತ್ತಿದ್ದವರು ಹಣೆಯ ವಿಭೂತಿ ಬೆವರಿನಲ್ಲಿ ಕರಗಿದ್ದ ಮುಖದಲ್ಲೇ ಬಂದು ಎದುರು ಕುಳಿತರು.

"ಜಾಗಾ ಬಾಡಿಗೀಗೆ ಬೇಕಂತೀರೇನ್ರಿ ಸಾವಕಾರ್ರ?"

"ನನಗಲ್ರಿ. ಹಕ್ಕಿಗೆ."

ಗುರುಪುತ್ರಪ್ಪ ಅವರ ಮುಖವನ್ನೇ ಒಂದು ಗಳಿಗೆ ನೋಡಿದರು. ಕುಡಿದ ವಾಸನೆ ಏನೂ ಇರಲಿಲ್ಲ. "ಹಂಗಾದ್ರ ಇರ್ಲಿ ಬಿಡ್ರಿ. ಹಕ್ಕಿ ಕಡೆ ಬಾಡಿಗಿ ಕೇಳಾಕ ನಾ ಎಲ್ಲಿ ಹೋಗ್ಲಿ. ನಾ ಮನಿ ಕಟ್ಟೂತನಕ ಅವುಗಳ ಮನಿ ಇರ್ಲಿ. ಖರೇ ಒಂದ ಮಾತ, ಬಾವಿ ಮಾತ್ರ ಮುಚ್ಚಬ್ಯಾಡ್ರಿ" ಎಂದರು. ಬರುವಾಗ ಎರಡು ಸೇರು ನವಣೆ ಬೀಜವನ್ನೂ ಕಟ್ಟಿಕೊಟ್ಟರು.

ಮುಂದಿನ ವರ್ಷಗಳ ಕೆಲಸವನ್ನು ಹೇಳುತ್ತ ಹೋದರೆ ಮುಗಿಯದು. ಕಸ ತೆಗೆಯುವುದಕ್ಕೇ ಎಂಟು ತಿಂಗಳು ಹಿಡಿಯಿತು. ರೈಲಿನಲ್ಲಿ ಗುಂಜಿಗೆ ಹೋಗಿ, ಅಲ್ಲಿನ ಪರಿಚಯದವರ ಹೊಲದ ಬದುವಿನಿಂದ ಕವಳಿ ಗಿಡಗಳನ್ನು ಬೇರುಸಮೇತ ತಂದು ಬೇಲಿಯುದ್ದಕ್ಕೂ ಹಚ್ಚಿದರು. ಗುದ್ದಲಿ ಹಾಕಿದರೆ ಎರೆಹುಳ ತುಂಡಾಗುತ್ತದೆಂದು ಕುರುಪಿಯಿಂದ ಮೆಲ್ಲಗೆ ಮಣ್ಣು ಕೆದರಿ, ಸಿಕ್ಕ ಹುಳಗಳನ್ನೆಲ್ಲ ಬದಿಗೆ ಸರಿಸಿ, ಒಂದು ಗುಂಡಿಗೆ ಒಂದು ದಿನ ತೆಗೆದುಕೊಳ್ಳುತ್ತಿದ್ದರು. ನೋಡುವವರಿಗೆ ತಲೆ ಚಿಟ್ಟು ಹಿಡಿಯಬೇಕು, ಅಂಥ ಕೆಲಸ. ನವಣೆ ಚೆಲ್ಲಿದರು, ಸಜ್ಜೆ ಚೆಲ್ಲಿದರು. ಅಂಗಡಿಯಲ್ಲಿ ಉದುರಿದ ಕಾಳನ್ನು ಗುಡಿಸಿ ತಂದು ಹಾಕಲು ಮೇಲೆ ತಗಡು ಹೊದಿಸಿದ ಒಂದು ಕಲ್ಲಿನ ಕಟ್ಟೆ ಕಟ್ಟಿಸಿದರು. ಗುಬ್ಬಿ ಬಂದವು, ರಾಟವಾಳ ಬಂದವು, ಪಿಕಳಾರಗಳು ಕವಳಿ ಹಣ್ಣಿಗೆ ಬಂದವು.

ಮೂರನೆಯ ಮಳೆಗಾಲಕ್ಕೆ ಗೀಜಗ ಬಂದಿತು. ಹಳದಿ ತಲೆಯ ಒಂದು ಗಂಡು ಗೀಜಗ ಜಾಲಿಯ ತುದಿಗೆ, ಸರಿಯಾಗಿ ಬಾವಿಯ ನೀರಿನ ಮೇಲೆ, ಒಂದು ಹುಲ್ಲಿನೆಳೆ ಗಂಟು ಹಾಕಿತು. ಬಾಹುಬಲಿಯವರು ಅಂದು ಅಂಗಡಿಗೆ ಹೋಗಲಿಲ್ಲ. ಆ ವರ್ಷ ನಾಲ್ಕು ಗೂಡು, ಮರುವರ್ಷ ಹನ್ನೊಂದು. ಗೀಜಗ ಬಂದ ಒಂಬತ್ತನೆಯ ವರ್ಷ, ಅಂದರೆ ಈ ವರ್ಷ, ಇಪ್ಪತ್ತಾರು ಗೂಡು ಬಾವಿಯ ಮೇಲೆ ತೂಗುತ್ತಿದ್ದವು. ಅನಗೋಳದಲ್ಲಿ ಸುತ್ತಲಿನ ಜಾಗಗಳೆಲ್ಲ ಒಂದೊಂದಾಗಿ ಮೂರಂತಸ್ತಿನ ಮನೆಗಳಾಗಿದ್ದವು. ಗೀಜಗಕ್ಕೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಗುರುಪುತ್ರಪ್ಪ ವರ್ಷಕ್ಕೊಮ್ಮೆ ಬಂದು ಬಾವಿಯ ದಂಡೆಯ ಮೇಲೆ ಕುಳಿತು, "ಇವು ಇರೂತನಕ ನನ್ನ ಕೈಲೆ ಪಾಯಾ ತೋಡೂದು ಆಗೂದಿಲ್ಲ ಬಿಡ್ರಿ" ಎಂದು ಹೇಳಿ ಹೋಗುತ್ತಿದ್ದರು. ಅಂದರೆ ಆ ಜಾಗ ಉಳಿದದ್ದು ಗೂಡುಗಳಿಂದಾಗಿ. ಇದು ಬಾಹುಬಲಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಯನ್ನು ಈಗ ನೋಡಿಕೊಳ್ಳುತ್ತಿದ್ದವನು ಪೇಟೆಯಲ್ಲೇ ಬೇರೆ ಮನೆ ಮಾಡಿದ್ದ ಮಗ ಪಾರ್ಶ್ವ. ಮೊಣಕಾಲು ನೋವು ಶುರುವಾದಾಗಿನಿಂದ ಬಾಹುಬಲಿಯವರು ಹಿಂದಿನ ಗೋದಾಮಿನ ಮೆಟ್ಟಿಲು ಇಳಿಯುವುದನ್ನು ಬಿಟ್ಟಿದ್ದರು. ಮುಂದಿನ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು, ಕಾಳು ಹಸನು ಮಾಡುವ ಭೀಮಕ್ಕ ಜರಡಿ ಹಿಡಿಯುವುದನ್ನು ನೋಡುವುದು, ಸಂಜೆಗೆ ಡಬ್ಬಿಯನ್ನೂ ಉದುರುಗಾಳಿನ ಚೀಲವನ್ನೂ ತೆಗೆದುಕೊಂಡು ಹೊರಡುವುದು, ಅಷ್ಟೇ ಅವರ ಪಾಲಿನ ಕೆಲಸ.

ಈ ವರ್ಷ ಕಾರಹುಣ್ಣಿಮೆ ದಾಟಿದ ಮೇಲೆ ಡಬ್ಬಿ ಹಗುರಾಗುತ್ತ ಬಂತು. ಮಳೆಗಾಲದಲ್ಲಿ ನುಸಿ ಹೆಚ್ಚಬೇಕು, ಇಲ್ಲಿ ಕಡಿಮೆಯಾದವು. ಶ್ರಾವಣದಲ್ಲಿ ಡಬ್ಬಿಯ ತಳವೂ ಮುಚ್ಚಲಿಲ್ಲ. ಭಾದ್ರಪದದ ಹೊತ್ತಿಗೆ ಒಂದೂ ಇಲ್ಲ.

ಇಲ್ಲಿಯೇ ಅವರು ಎಡವಿದ್ದು. ಐವತ್ತು ವರ್ಷ ಕಾಳಿನಲ್ಲಿ ಕೈಯಾಡಿಸಿದ ಮನುಷ್ಯ, ಮಳೆಗಾಲದಲ್ಲಿ ನುಸಿಯಿಲ್ಲದ ಗೋದಾಮು ಎಲ್ಲಾದರೂ ಉಂಟೇ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಬದಲಿಗೆ ಅವರಿಗೆ ಹೆಮ್ಮೆಯಾಯಿತು. ಬಸದಿಯಲ್ಲಿ ಪೂಜೆ ಮುಗಿದ ಮೇಲೆ ನಾಲ್ಕು ಜನರ ಮುಂದೆ ಹೇಳಿಯೂ ಬಿಟ್ಟರು. "ನಂಬಿ ನಡದ್ರ ಬೇವು, ಬೂದೀನ ಸಾಕ್ರಿ. ಈ ಸಲ ನಮ್ಮ ಅಂಗಡ್ಯಾಗ ಒಂದ ನುಸಿ ಇಲ್ಲ." ಪಾರ್ಶ್ವ ಅಲ್ಲೇ ಕಂಬದ ಬಳಿ ನಿಂತಿದ್ದ. ಚಪ್ಪಲಿ ಹುಡುಕುವವನಂತೆ ಹೊರಗೆ ನಡೆದುಬಿಟ್ಟ.

ಗಣೇಶ ಚೌತಿಯ ಮರುದಿನ, ಪಂಚಮಿಗೆ, ಜೈನರ ದಶಲಕ್ಷಣ ಪರ್ವ ಆರಂಭ. ಹತ್ತು ದಿನ ಉಪವಾಸ, ಪೂಜೆ, ದಾನ. ಹಿಂದಿನ ದಿನ ಅಂಗಡಿ ಗುಡಿಸಿ ಸಾರಿಸಿ ಪರ್ವವನ್ನು ಕರೆದುಕೊಳ್ಳುವುದು ಮನೆತನದ ರೂಢಿ. ಅಂದು ಚೌತಿಯ ಸೂಟಿ. ಭೀಮಕ್ಕ ತನ್ನೂರಿಗೆ ಹೋಗಿದ್ದಳು. ಪಾರ್ಶ್ವ ಹೆಂಡತಿ ದೀಪಾಲಿಯನ್ನು ಕರೆದುಕೊಂಡು ಗೆಳೆಯರ ಮನೆಗಳ ಗಣಪತಿ ನೋಡಲು ಹೋಗಿದ್ದ. ಬಾಹುಬಲಿಯವರು ಆಗಲೇ ಒಪ್ಪೊತ್ತು ಹಿಡಿದಿದ್ದರು. ಪರ್ವಕ್ಕೆ ತನ್ನ ಕೈಯ ಸೇವೆ ಇರಲೆಂದು ತಮ್ಮ ಬಳಿಯ ಬೀಗದ ಕೈ ತೆಗೆದುಕೊಂಡು ಒಬ್ಬರೇ ಪೇಟೆಗೆ ಹೋದರು, ಮೊಣಕಾಲನ್ನು ಹಿಡಿದುಕೊಂಡು ಗೋದಾಮಿನ ಮೆಟ್ಟಿಲನ್ನೂ ಇಳಿದರು.

ಒಳಗೆ ಬಳ್ಳೊಳ್ಳಿಯ ವಾಸನೆ ಬಡಿಯಿತು. ಹುಟ್ಟಿದಾಗಿನಿಂದ ಅವರ ಮನೆಯೊಳಗೆ ಬಳ್ಳೊಳ್ಳಿ ಬಂದದ್ದಿಲ್ಲ. ಹಮಾಲರು ಇಲ್ಲಿ ಕುಳಿತು ಬಳ್ಳೊಳ್ಳಿ ಚಟ್ನಿ ಹಚ್ಚಿ ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚುತ್ತಾರೆ ಎಂದು ಸಿಟ್ಟು ಬಂತು. ನಾಳೆ ಪಾರ್ಶ್ವನಿಗೆ ಹೇಳಬೇಕು ಎಂದುಕೊಂಡರು. ಚೀಲಗಳ ಸಂದಿಯಲ್ಲಿ ಸಣ್ಣ ಸಣ್ಣ ಬಟ್ಟೆಯ ಗಂಟುಗಳಿದ್ದವು. ಕೆಲವನ್ನು ಇಲಿ ಕಡಿದು, ಒಳಗಿನ ಬೂದುಬಣ್ಣದ ಪುಡಿ, ಕೆಲವು ಗಟ್ಟಿ ಚೂರುಗಳು, ಚೆಲ್ಲಿದ ಜೋಳದೊಂದಿಗೆ ಬೆರೆತಿದ್ದವು. ಕುಳ್ಳಿನ ಬೂದಿಯನ್ನು ಬಟ್ಟೆಯಲ್ಲಿ ಕಟ್ಟಿ ಚೀಲದ ಸಂದಿಗೆ ಇಡುವುದು ಅವರ ತಾಯಿ ಮಾಡುತ್ತಿದ್ದ ಪದ್ಧತಿ. ಯಾವಾಗಲೋ ಹೇಳಿದ್ದನ್ನು ಭೀಮಕ್ಕ ನೆನಪಿಟ್ಟು ಮಾಡಿದ್ದಾಳೆ ನೋಡು ಎಂದು ಅವರ ಕಣ್ಣು ತುಂಬಿ ಬಂದವು. ಅಕ್ಕರೆಯಿಂದ ಮೂಲೆಮೂಲೆಯನ್ನೂ ಗುಡಿಸಿದರು. ಅರ್ಧ ಚೀಲ ಜೋಳ ಸಿಕ್ಕಿತು.

ಮನೆಗೆ ಬರುವಾಗ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು. "ಉಪವಾಸಾ ವಯಸ್ಸ ನೋಡಿ ಮಾಡಬೇಕ್ರಿ" ಎಂದು ಶಾಂತಮ್ಮ ಗದರಿದರು. ಅವರಿಗೂ ಅದು ಉಪವಾಸದ ತಲೆನೋವೇ ಎನಿಸಿತು.

ಪಂಚಮಿಯ ಬೆಳಿಗ್ಗೆ ಬಸದಿಯಿಂದ ಬಂದವರೇ, ಆ ಅರ್ಧ ಚೀಲವನ್ನೂ ಕಲ್ಲಿನ ಕಟ್ಟೆಯ ಮೇಲೆ ಸುರಿದು ಕೈಯಿಂದ ಹರವಿದರು. ಕಟ್ಟೆಯ ಅಂಚಿನಿಂದ ಒಂದಿಷ್ಟು ಜೋಳ ಪಕ್ಕದ ನವಣೆಯ ಸಾಲಿಗೂ ಚೆಲ್ಲಿತು. "ಹತ್ತ ದಿನಾ ನಿಮಗೂ ಹಬ್ಬಾ" ಎಂದರು. ಜಾಲಿಯ ಗೂಡುಗಳಲ್ಲಿ ಮರಿಗಳು ಚೀರುತ್ತಿದ್ದವು. ತಾಯಿ ಗೀಜಗಗಳು ಅವರ ಕಾಲ ಬಳಿಯೇ ಇಳಿದವು. ಒಂಬತ್ತು ವರ್ಷದಲ್ಲಿ ಅವು ಈ ಮನುಷ್ಯನಿಗೆ ಹೆದರುವುದನ್ನು ಮರೆತಿದ್ದವು.

ಸಂಜೆಯೆಲ್ಲ ಬಸದಿಯಲ್ಲಿ ಪ್ರವಚನ. ಮರುದಿನ ಬೆಳಿಗ್ಗೆ ಎದ್ದಾಗ ಏನೋ ಕೊರತೆ ಎನಿಸಿತು. ಏನೆಂದು ತಿಳಿಯಲಿಲ್ಲ. ಸ್ನಾನ ಮಾಡಿ ಮಡಿಯುಟ್ಟು ಬಾಗಿಲು ತೆಗೆದಾಗ ತಿಳಿಯಿತು. ಹಕ್ಕಿಗಳ ಗದ್ದಲವಿರಲಿಲ್ಲ.

ಕಟ್ಟೆಯ ಸುತ್ತ, ನವಣೆಯ ಸಾಲಿನಲ್ಲಿ, ಕವಳಿಯ ಬುಡದಲ್ಲಿ ಬಿದ್ದಿದ್ದವು. ಗುಬ್ಬಿ, ರಾಟವಾಳ, ಗೊರವಂಕ, ಗೀಜಗ. ಕೆಲವು ನೀರಿಗೆಂದು ಹೋಗಿ ಬಾವಿಯಲ್ಲಿ ತೇಲುತ್ತಿದ್ದವು. ಬಾಹುಬಲಿಯವರು ಮೆಟ್ಟಿಲಿಳಿದು ಹೋದರು. ಪೂಜೆಯ ಮಡಿಯ ಧೋತರವನ್ನೇ ಉಡಿಯಾಗಿ ಹಿಡಿದು ಒಂದೊಂದನ್ನೇ ಆರಿಸತೊಡಗಿದರು. ಶಾಂತಮ್ಮ ಹುಡುಕಿಕೊಂಡು ಬಂದಾಗ ಉಡಿ ತುಂಬಿ ಹೋಗಿತ್ತು. ಇನ್ನೂ ಬಗ್ಗುತ್ತಲೇ ಇದ್ದರು.

"ಯಾವ ಪಾಪಿ ವಿಷಾ ಹಾಕಿದ್ನೋ" ಎಂದು ಶಾಂತಮ್ಮ ನೆಲಕ್ಕೆ ಕುಸಿದರು. ಬಾಹುಬಲಿಯವರಿಗೂ ಅದೇ ಸಂಶಯ. ಮನೆ ಕಟ್ಟುವವರ ಕಣ್ಣು ಈ ಜಾಗದ ಮೇಲೆ ಬಹಳ ದಿನದಿಂದ ಇತ್ತು. ಯಾರೋ ಕಾಳಿಗೆ ಏನೋ ಬೆರೆಸಿದ್ದಾರೆ ಎಂದುಕೊಂಡು, ಕಟ್ಟೆಯ ಮೇಲೆ ಉಳಿದಿದ್ದ ಜೋಳವನ್ನೆಲ್ಲ ಬಳಿದು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. ಎರಡು ತಾಸು ಓಣಿಯವರನ್ನೆಲ್ಲ ಮನಸ್ಸಿನಲ್ಲೇ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಶಪಿಸಿದರು, ಅದೂ ದಶಲಕ್ಷಣ ಪರ್ವದಲ್ಲಿ.

ಆಗ ಶಾಂತಮ್ಮ ಅವರ ತೋಳು ಹಿಡಿದು, "ಏನ್ರಿ, ಮರಿ ಅಳಾಕತ್ತಾವ್ರಿ" ಎಂದರು.

ಹೌದು. ತಾಯಂದಿರು ಸತ್ತಿದ್ದರು, ಗೂಡಿನೊಳಗಿನ ಮರಿಗಳು ಸತ್ತಿರಲಿಲ್ಲ. ಬಾವಿಯ ಮೇಲೆ ತೂಗುವ ಇಪ್ಪತ್ತಾರು ಗೂಡುಗಳಲ್ಲಿ ಎಷ್ಟರಲ್ಲೋ ಅವು ಬಾಯಿ ತೆರೆದು ಕೂಗುತ್ತಿದ್ದವು. ಬಾಹುಬಲಿಯವರು ಉದ್ದನೆಯ ಬಿದಿರಿಗೆ ಕೊಕ್ಕೆ ಕಟ್ಟಿ ಜಾಲಿಯ ಟೊಂಗೆಗಳನ್ನು ಬಾವಿಯ ದಂಡೆಗೆ ಎಳೆದು ಹಗ್ಗದಿಂದ ಬಿಗಿದರು. ಐದು ಗೂಡು ಕೈಗೆಟುಕಿದವು. ಐದರಲ್ಲಿ ಹನ್ನೆರಡು ಮರಿ. ಆದರೆ ಕೊಡುವುದೇನು? ಗೀಜಗದ ಎಳೆಯ ಮರಿ ಕಾಳು ತಿನ್ನುವುದಿಲ್ಲ. ತಾಯಿ ಹುಳ ತಂದು ಬಾಯಿಗಿಡಬೇಕು. ಇದನ್ನು ಅವರು ಒಂಬತ್ತು ವರ್ಷ ಕುಳಿತು ನೋಡಿದ್ದರು.

ಶಾಂತಮ್ಮ ಪುಟಾಣಿ ಹಿಟ್ಟು ಕಲಸಿ ಕಡ್ಡಿಯ ತುದಿಯಿಂದ ಇಟ್ಟರು. ಮರಿಗಳು ನುಂಗಲಿಲ್ಲ, ಗಂಟಲಿಗೆ ಅಂಟಿಕೊಂಡಿತು. ಬಾಹುಬಲಿಯವರು ಒಂದು ಗಳಿಗೆ ಬಾವಿಯ ದಂಡೆಯ ಮೇಲೆ ಕುಳಿತರು. ನಾ ನನ್ನ ಕೈಲೆ ಯಾರ ಬಾಯಾಗೂ ಇಟ್ಟಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದ ಬಾಯಿ. ಎದ್ದರು. ಒಳಗೆ ಹೋಗಿ ಡಬ್ಬಿ ತೆಗೆದುಕೊಂಡರು.

"ಎಲ್ಲಿಗ್ರಿ?" ಎಂದರು ಶಾಂತಮ್ಮ.

"ಅಂಗಡಿಗೆ. ನುಸಿ ತರ್ತೀನಿ. ಪಾಪಾ ಬಂದ್ರ ನನಗ ಬರ್ಲಿ."

ಬೀದಿಬೀದಿಯಲ್ಲೂ ಗಣಪತಿಯ ಮಂಟಪ, ಡೋಲು, ಜನಜಾತ್ರೆ. ಸ್ಕೂಟರು ನುಗ್ಗಿಸಿಕೊಂಡು ಪೇಟೆ ಮುಟ್ಟುವುದರಲ್ಲಿ ಮುಕ್ಕಾಲು ತಾಸು ಹೋಯಿತು. ಭೀಮಕ್ಕ ಊರಿಂದ ಬಂದು ಜರಡಿ ಹಿಡಿದಿದ್ದಳು. ಪಾರ್ಶ್ವ ಗಾದಿಯ ಮೇಲಿದ್ದ.

"ಭೀಮಕ್ಕ, ನುಸಿ ಬೇಕಾಗ್ಯಾವ. ಯಾ ಚೀಲದಾಗ ಅದಾವ ನೋಡ, ಲಗೂ ಜರಡಿ ಹಿಡಿ."

ಭೀಮಕ್ಕ ಜರಡಿಯನ್ನು ಕೆಳಗಿಟ್ಟು ಪಾರ್ಶ್ವನ ಕಡೆ ನೋಡಿದಳು. ಬಾಹುಬಲಿಯವರಿಗೆ ಕಾಯುವ ವ್ಯವಧಾನವಿರಲಿಲ್ಲ. ತಾವೇ ಗೋದಾಮಿಗೆ ಇಳಿದು ಒಂದು ಚೀಲದ ಬಾಯಿ ಬಿಚ್ಚಿ ಜರಡಿ ಆಡಿಸಿದರು. ಕೆಳಗೆ ಬಿದ್ದವು ಒಣಗಿದ ಕಾಲುಗಳು, ಟೊಳ್ಳು ರೆಕ್ಕೆಗಳು. ಇನ್ನೊಂದು ಚೀಲ. ಅದೇ. ತೊಗರಿಯಲ್ಲಿ ನೋಡಿದರು, ಹೆಸರಿನಲ್ಲಿ ನೋಡಿದರು, ಎಲ್ಲಕ್ಕಿಂತ ಹಳೆಯ ಕಡಲೆಯಲ್ಲಿ ನೋಡಿದರು. ಜೀವವಿದ್ದದ್ದು ಒಂದೂ ಸಿಗಲಿಲ್ಲ. ಆಗ ಅದೇ ಬಳ್ಳೊಳ್ಳಿಯ ವಾಸನೆ ಮತ್ತೆ ಮೂಗಿಗೆ ಬಂತು. ಅಂದು ಅಲ್ಲಿ ಊಟ ಮಾಡುತ್ತಿದ್ದವರು ಯಾರೂ ಇರಲಿಲ್ಲ.

"ಏನ ವಾಸನಿ ಇದು?"

ಪಾರ್ಶ್ವ ಮೆಟ್ಟಿಲ ಮೇಲೆ ನಿಂತಿದ್ದ, ಅವನ ಹಿಂದೆ ಭೀಮಕ್ಕ. "ಅಪ್ಪಾ, ಮ್ಯಾಲೆ ಬರ್ರಿ. ಅಲ್ಲಿ ಬಾಳ ಹೊತ್ತ ನಿಂದರಬ್ಯಾಡ್ರಿ."

"ಏನ ವಾಸನಿ ಅಂತ ಕೇಳಿದ್ನಿ."

"ಗುಳಿಗೀದ್ರಿ." ಪಾರ್ಶ್ವ ಒಂದು ಮೆಟ್ಟಿಲು ಇಳಿದ. "ಕಾರಹುಣ್ಣಿಮಿಯಿಂದ ಇಡಾಕತ್ತೇವಿ. ಮುಂದಿನ ಅಂಗಡೀಗೆ ಬರೂ ಮಾಲೂ ಇಲ್ಲಿಂದನ ಬರತೈತಿ. ನುಸಿ ಇದ್ದ ಮಾಲ ಯಾರೂ ಒಯ್ಯಾಕ ಒಲ್ಲರ್ರಿ ಈಗ. ಹೋದ ವರ್ಷ ಎಷ್ಟ ಚೀಲ ತಿರುಗಿ ಬಂದ್ವು, ನಿಮಗ ಗೊತ್ತದ. ನಿಮಗ ಹೇಳಿದ್ರ ನೀವು ಅಂಗಡಿ ಮೆಟ್ಟಲಾ ಹತ್ತತಿದ್ದಿಲ್ಲ."

"ಆ ಬಟ್ಟಿ ಗಂಟು?"

"ಗುಳಿಗೀವ. ಹಕ್ಕಿಗೆ ಹೋಗೂ ಕಾಳ ನಾವು ಎಂದೂ ಗೋದಾಮಿಂದ ಕೊಟ್ಟಿಲ್ರಿ ಅಪ್ಪಾ. ಭೀಮಕ್ಕ ಮುಂದಿನ ಅಂಗಡೀದ ಅಷ್ಟ ಬ್ಯಾರೇ ಹಸನ ಮಾಡಿ ತಗದಿಡ್ತಿದ್ಲು. ಯಾಕ್ರಿ, ಏನಾತು?"

"ಚೌತಿ ದಿನಾ ನಾ ಇಲ್ಲೇ ಗುಡಿಸಿ ಒಯ್ದು ಹಾಕೇನಿ. ಹಕ್ಕಿ ಎಲ್ಲಾ ಸತ್ತಾವ" ಎಂದ ಬಾಹುಬಲಿಯವರು, ಮಗ ಹೇಳಿದ್ದು ಹೌದೇ ಎಂಬಂತೆ ಭೀಮಕ್ಕನ ಮುಖ ನೋಡಿದರು. "ಹೌದ್ರಿ ಸಾವಕಾರ್ರ" ಎಂದಳು ಆಕೆ, ಸೆರಗು ಬಾಯಿಗೆ ಒತ್ತಿಕೊಂಡು. "ನಾ ಅಷ್ಟ ಕಾಳಜಿ ಮಾಡತಿದ್ನಿ. ನೀವು ಕೆಳಗ ಇಳೀತೀರಂತ ನನಗ ಕನಸ ಬಿದ್ದಿತ್ತೇನ್ರಿ?"

ಅವರು ಮಗನನ್ನು ಬೈಯಲಿಲ್ಲ. ಓಣಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಶಪಿಸಿದ್ದು ನೆನಪಾಯಿತು. ಗುಡಿಸಿದ ಕೈ ತಮ್ಮದು, ಹೊತ್ತು ತಂದ ಹೆಗಲು ತಮ್ಮದು, ಕಟ್ಟೆಯ ಮೇಲೆ ಹರವಿದ್ದೂ ತಾವೇ. ನುಸಿ ಇಲ್ಲವಾದಾಗ ಕೇಳಬೇಕಾದದ್ದನ್ನು ಕೇಳದೆ ಬಸದಿಯಲ್ಲಿ ಮೆರೆದದ್ದೂ ತಾವೇ.

ಆದರೆ ಮರಿಗಳಿದ್ದವು. ಡಬ್ಬಿ ಹಿಡಿದುಕೊಂಡು ಪೇಟೆಯುದ್ದಕ್ಕೂ ಅಂಗಡಿ ಅಂಗಡಿ ಹತ್ತಿಳಿದರು. "ನುಸಿ ಅದಾವೇನ್ರಿ? ಜೀವಂತ ಇದ್ದದ್ದು? ಒಂದ ಹಿಡಿ ಸಾಕು." ಕೆಲವರು ನಕ್ಕರು. "ಏನ್ರಿ ಸಾವಕಾರ್ರ, ನಿಮ್ಮ ಅಂಗಡ್ಯಾಗ ತೀರಿ ಹೋದ್ವು?" ಎಂದು ಒಬ್ಬ ಚೇಷ್ಟೆ ಮಾಡಿದ. ಎಲ್ಲರದೂ ಗುಳಿಗೆಯ ಗೋದಾಮು. ಕಾಳಿನ ಬೆಟ್ಟವೇ ಬಿದ್ದಿರುವ ಪೇಟೆಯಲ್ಲಿ ಒಂದು ಹಿಡಿ ಹುಳ ಹುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ಪಾರ್ಶ್ವನನ್ನು ಕೂಡಿಸಿಕೊಂಡು, ಖಾಲಿ ಡಬ್ಬಿ ಸಿಗಿಸಿಕೊಂಡು ಮನೆಗೆ ಬಂದರು.

ಆ ಸಂಜೆ ತಂದೆ ಮಗ ಇಬ್ಬರೂ ಕತ್ತಲಾಗುವವರೆಗೆ ಕಾಂಪೌಂಡ್ ಗೋಡೆಯ ಹಾವಸೆಯಲ್ಲಿ, ಕಲ್ಲಿನಡಿಯಲ್ಲಿ ಹುಳ ಹುಡುಕಿದರು. ಒಂದು ಕಾಲದಲ್ಲಿ ಎರೆಹುಳ ತುಂಡಾದೀತೆಂದು ಗುದ್ದಲಿ ಮುಟ್ಟದಿದ್ದವರು ಕಲ್ಲು ಮಗುಚಿ ಹುಳ ಹಿಡಿದರು, ಹಿಡಿದು ಮರಿಯ ಬಾಯಿಗೆ ತಮ್ಮ ಕೈಯಿಂದಲೇ ಇಟ್ಟರು. ಕೆಲವು ಮರಿ ನುಂಗಿದವು. ಎಂಟು ಹತ್ತು ಹುಳದಿಂದ ಹನ್ನೆರಡು ಮರಿಯ ಹೊಟ್ಟೆ ಎಲ್ಲಿ ತುಂಬಬೇಕು? ಕೈಗೆಟುಕದ ಗೂಡುಗಳವು ಮೇಲೆ ಕೂಗುತ್ತಲೇ ಇದ್ದವು. ಮರುದಿನ ದನಿ ಸಣ್ಣದಾಯಿತು. ಅಷ್ಟಮಿಯ ದಿನ ಮಧ್ಯಾಹ್ನ ಶಾಂತಮ್ಮ ಬಂದು ದಂಡೆಯ ಮೇಲೆ ಕುಳಿತು ಕಿವಿಗೊಟ್ಟರು, ಆಮೇಲೆ ಎದ್ದು ಹೋಗಿ ಟೊಂಗೆಗೆ ಬಿಗಿದ ಹಗ್ಗವನ್ನು ಬಿಚ್ಚಿದರು. ಗೂಡುಗಳು ತಿರುಗಿ ಬಾವಿಯ ಮೇಲಕ್ಕೆ ಹೋಗಿ ತೂಗಿದವು.

ಸುದ್ದಿ ಕೇಳಿ ಗುರುಪುತ್ರಪ್ಪ ಪಾರಿಶ್ವಾಡದಿಂದ ಬಂದರು. ಕಟ್ಟಿಟ್ಟ ಚೀಲವನ್ನೂ ನೆಲವನ್ನೂ ನೋಡಿದರು. "ಕಟ್ಟಿ ಮ್ಯಾಲಿಂದ ಬಳದೀರಿ, ಚೊಲೋ ಆತು. ಖರೇ ಹಕ್ಕಿ ಕಾಲಿಲೆ ಕೆದರಿ ಎಲ್ಲಾ ಕಡೆ ಚೆಲ್ಯಾವ. ಬೆಳಿಯಾಗ ಬಿದ್ದದ್ದು ಹೆಂಗ ಆರಸ್ತೀರಿ? ಮ್ಯಾಲಿನ ಮಣ್ಣ ಪೂರಾ ತಗಸಬೇಕಾಗತೈತಿ" ಎಂದರು. ಬಾಹುಬಲಿಯವರು ಮೂರು ದಿನ ಮೊಣಕಾಲೂರಿ ನವಣೆಯ ಸಾಲುಗಳಲ್ಲಿ ಜೋಳದ ಕಾಳು ಆರಿಸಿದರು. ಎಷ್ಟು ಆರಿಸಿದರೂ ಮತ್ತೊಂದು ಕಾಣುತ್ತಿತ್ತು. ಗುರುಪುತ್ರಪ್ಪ ಬಂದ ದಿನ ಹೊರಡುವಾಗ ಬಾವಿಯ ಕಡೆ ನೋಡಿ, ಎಂದಿನ ಮಾತು ಹೇಳಲಿಲ್ಲ. "ಮಣ್ಣ ಹೆಂಗೂ ತಗಸೂದ ಐತಿ. ಪಾಯಾನೂ ಅದರ ಸಂಗಾಟ ತೋಡಸ್ತೀನ್ರಿ, ದೀಪಾವಳಿ ಆದ ಮ್ಯಾಲೆ" ಎಂದರು. ಬಾಹುಬಲಿಯವರು ತಲೆಯಾಡಿಸಿದರು. ಬೇಡವೆನ್ನಲು ಅವರ ಬಳಿ ಜೀವವಿದ್ದ ಒಂದು ಗೂಡೂ ಉಳಿದಿರಲಿಲ್ಲ.

ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದ್ದಕ್ಕೆ ಜೈನರೆಲ್ಲ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಪಾರ್ಶ್ವ ಬಸದಿಯಲ್ಲಿ ಎಲ್ಲರೆದುರೇ ತಂದೆಯ ಕಾಲು ಹಿಡಿದು ಅತ್ತ. ಬಾಹುಬಲಿಯವರು ಎತ್ತಿ ಅಪ್ಪಿಕೊಂಡರು, ತಾವೂ ಮಗನಿಗೆ ಕೈಮುಗಿದರು. ಹೆಮ್ಮೆಯ ಮಾತಾಡಿದ್ದಕ್ಕೆ ಬಸದಿಯವರನ್ನು ಕೇಳಿದರು. ಅಂಗಡಿಗೆ ಹೋಗಿ ಭೀಮಕ್ಕನನ್ನು ಕೇಳಿದರು, ಮನಸ್ಸಿನಲ್ಲೇ ಶಪಿಸಿದ್ದಕ್ಕೆ ಓಣಿಯವರನ್ನು ಮನೆಮನೆಗೆ ಹೋಗಿ ಕೇಳಿದರು. ಯಾಕೆಂದು ತಿಳಿಯದ ಅವರೂ "ಇರ್ಲಿ ಬಿಡ್ರಿ ಅಣ್ಣಾರ" ಎಂದರು. ಎಲ್ಲರೂ ಕ್ಷಮಿಸಿದರು. ಎಷ್ಟು ಸಲೀಸಾಗಿ ಕ್ಷಮಿಸಿದರೆಂದರೆ ಅವರಿಗೆ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

"ಇನ್ನ ಯಾರ ಉಳದ್ರು?" ಎಂದರು ಶಾಂತಮ್ಮ, ಮನೆಗೆ ಬಂದವರ ಮುಖ ನೋಡಿ.

ಅವರು ಬಾಜೂಕಿನ ಜಾಗಕ್ಕೆ ನಡೆದರು. ಬಾವಿಯ ಮುಂದೆ ನಿಂತು ಕೈ ಜೋಡಿಸಿದರು. ಜಾಲಿಯಲ್ಲಿ ಗೂಡುಗಳು ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಬಾಯಿ ತೆರೆಯುವಷ್ಟರಲ್ಲಿ ಎಲ್ಲಿಂದಲೋ ಒಂದು ರಾಟವಾಳದ ಹಿಂಡು ಬಂದು, ಕಾಳು ಕಟ್ಟಿದ ನವಣೆಯ ತೆನೆಗಳ ಮೇಲೆ ಇಳಿಯಿತು. ಅದರ ಹಿಂದೆಯೇ ಎರಡು ಗೀಜಗ, ಈ ವರ್ಷ ಎಲ್ಲೋ ಬೇರೆ ಕಡೆ ಹೋಗಿ ಬದುಕಿದವು, ಕಲ್ಲಿನ ಕಟ್ಟೆಯ ಮೇಲೆ ಕುಳಿತು ಅವರ ಕಡೆ ಕತ್ತು ಹೊರಳಿಸಿದವು. ಎಂದಿನಂತೆ ಜೋಳಕ್ಕೆ ಕಾಯುವ ಕತ್ತು. ಒಂದು ಗೀಜಗ ನೆಲಕ್ಕೆ ಹಾರಿ ನವಣೆಯ ಬುಡದಲ್ಲಿ ಏನನ್ನೋ ಕುಟುಕಲು ಬಗ್ಗಿತು.

ಜೋಡಿಸಿದ ಕೈ ಬಿಚ್ಚಿಹೋಯಿತು. ಬಾಹುಬಲಿಯವರು ಓಡಿದರು, ಮೊಣಕಾಲಿನ ಪರಿವೆ ಇಲ್ಲದೆ ಮನೆಗೆ ಓಡಿ, ಮೊಳೆಯಲ್ಲಿ ನೇತು ಹಾಕಿದ್ದ ಡಬ್ಬಿಯನ್ನು ಕಿತ್ತು ತಂದರು. ಒಂದು ಕಲ್ಲು ತೆಗೆದುಕೊಂಡು ಡಬ್ಬಿಯ ತಳಕ್ಕೆ ಬಡಿಯತೊಡಗಿದರು. "ಹೋಗ್ರಿ, ಇಲ್ಲಿಂದ ಹೋಗ್ರಿ" ಎನ್ನುತ್ತ, ಹೊಲದಲ್ಲಿ ಹಕ್ಕಿ ಕಾಯುವವನ ಹಾಗೆ ನವಣೆಯ ಸಾಲುಗಳ ನಡುವೆ ಬಡಿಯುತ್ತ ಸುತ್ತಿದರು. ಓಣಿಯವರು ಮಾಳಿಗೆಗಳ ಮೇಲೆ ಬಂದು ನೋಡಿದರು. ಶಾಂತಮ್ಮ ಬಾಗಿಲಲ್ಲೇ ನಿಂತರು, ಹತ್ತಿರ ಹೋಗಲಿಲ್ಲ.

ಹಕ್ಕಿಗಳು ಎದ್ದು ಮನೆಗಳ ಮೇಲೆ ಹಾರಿ ಹೋದವು. ಅವು ತಿರುಗಿ ಬರುತ್ತವೆಂದು ಬಾಹುಬಲಿಯವರಿಗೆ ಗೊತ್ತಿತ್ತು. ಒಂಬತ್ತು ವರ್ಷ ಕುಳಿತು ಆ ರೂಢಿ ಮಾಡಿಸಿದವರು ಅವರೇ. ಅದಕ್ಕೇ ಡಬ್ಬಿಯನ್ನು ಕೆಳಗಿಡಲಿಲ್ಲ.